ಮದುವೆ, ಯಕ್ಷಗಾನ, ನಾಟಕ ಎಲ್ಲಕ್ಕೂ ಒಂದೇ ಸಮುದಾಯ ಭವನ: ಪ್ಲಾನ್ ಹೇಗಿರಬೇಕು?

ಮಲೆನಾಡಿಗ:
ನಮ್ಮದು ಮಲೆನಾಡಿನ ಹೋಬಳಿ ಊರು. ಊರವರೇ ಸೇರಿ ಸಮುದಾಯ ಭವನ ಕಟ್ಟಿಸಲು ಹೊರಟಿದ್ದೇವೆ. ಜಾಗ ಮುಕ್ಕಾಲು ಎಕರೆ, ರಸ್ತೆಯಿಂದ ಹಿಂದಕ್ಕೆ ಇಳಿಜಾರು. ಈಗಿರುವ ಪ್ಲಾನ್‌ನಲ್ಲಿ ಜಾಗ ಮಟ್ಟ ಮಾಡಿ 65 ಅಡಿ ಉದ್ದ, 50 ಅಡಿ ಅಗಲ, 23 ಅಡಿ ಎತ್ತರದ ಒಂದು ಹಾಲ್, ತುದಿಯಲ್ಲಿ 4 ಅಡಿ ಎತ್ತರದ ಸ್ಟೇಜ್, ಮೇಲೆ ಟ್ರಸ್ (ಮಾಡು ಹೊರುವ ಚೌಕಟ್ಟು) ಹಾಕಿ ಶೀಟ್. ಮೀಟಿಂಗ್‌ನಲ್ಲಿ ಎಲ್ಲರೂ ಎಲಿವೇಷನ್ (ಕಟ್ಟಡ ಹೊರಗಿನಿಂದ ಕಾಣುವ ಚಿತ್ರ) ನೋಡಿ ಚೆನ್ನಾಗಿದೆ ಅಂದರು. ನನಗೆ ಮಾತ್ರ ಸಮಾಧಾನ ಇಲ್ಲ. ಇಲ್ಲಿ ಮದುವೆಯೂ ಆಗಬೇಕು, ಯಕ್ಷಗಾನದ ಆಟವೂ ಆಗಬೇಕು, ಶಾಲೆ ಮಕ್ಕಳ ನಾಟಕವೂ ಆಗಬೇಕು. ಇಂಜಿನಿಯರ್ ಹತ್ತಿರ ಏನೇನು ಕೇಳಬೇಕು ಹೇಳಿ.

ಗಾರೆ_ಗೆರೆ:
ನಾನು ಆರ್ಕಿಟೆಕ್ಟ್. ಎಲಿವೇಷನ್ ಆಮೇಲೆ ನೋಡೋಣ, ಮೊದಲು ಸೆಕ್ಷನ್ ಡ್ರಾಯಿಂಗ್ ಕೇಳಿ. ಕಟ್ಟಡವನ್ನು ಉದ್ದಕ್ಕೆ ಸೀಳಿದರೆ ಹೇಗೆ ಕಾಣುತ್ತದೋ ಅದು. ಹಿಂದಿನ ಸಾಲಿನವರಿಗೆ ಸ್ಟೇಜ್ ಕಾಣುತ್ತದಾ, ಮಾತು ಕೇಳುತ್ತದಾ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಎಲ್ಲಾ ಅದರಲ್ಲೇ ಗೊತ್ತಾಗುತ್ತದೆ.

ಇಳಿಜಾರನ್ನು ಮಟ್ಟ ಮಾಡಿಸಬೇಡಿ, ಅದು ನಿಮಗೆ ಪುಕ್ಕಟೆ ಸಿಕ್ಕಿರುವ ಗ್ಯಾಲರಿ. ರಸ್ತೆ ಕಡೆಯಿಂದ ಜನ ಒಳಗೆ ಬರಲಿ, ರಸ್ತೆ ಕಡೆಯ ಅರ್ಧ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ, ಸ್ಟೇಜ್ ಕಡೆಯ ಅರ್ಧ ಮಟ್ಟವಾಗಿರಲಿ, ಸ್ಟೇಜ್ ಕೆಳಗಿನ ತುದಿಗೆ. ಮದುವೆ ದಿನ ಮಟ್ಟದ ಭಾಗದಲ್ಲಿ ಮಂಟಪ ಹಾಕಬಹುದು. ಭೋಪಾಲದ ಕಲಾ ಕೇಂದ್ರ ಭಾರತ ಭವನವನ್ನು ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಕೆರೆಯ ಕಡೆಗಿನ ಇಳಿಜಾರಿನಲ್ಲೇ ಹಂತ ಹಂತವಾಗಿ ಇಳಿಸಿದ್ದಾರೆ. 1982ರಲ್ಲಿ ಶುರುವಾದದ್ದು, ಫೋಟೋಗಳನ್ನಾದರೂ ನೋಡಿ.

ಇನ್ನು ಶಬ್ದ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸದ್ದು ಸುಮಾರು ಒಂದು ಸೆಕೆಂಡ್‌ನಲ್ಲಿ ಅಡಗಬೇಕು. ನಿಮ್ಮ ಅಳತೆಗೆ ಸಬೈನ್ ಸೂತ್ರ (ಸದ್ದು ಅಡಗುವ ಸಮಯದ ಲೆಕ್ಕ) ಹಾಕಿದರೆ ಸದ್ದನ್ನು ಪೂರ್ತಿ ಹೀರುವ ಮೇಲ್ಮೈ ಹತ್ತಿರ ಹತ್ತಿರ 3,650 ಚದರಡಿಯಷ್ಟು ಬೇಕು. 400 ಜನ ಕೂತರೆ ಅದರಲ್ಲಿ ಅರ್ಧ ಅವರ ಮೈ ಬಟ್ಟೆಯೇ ಹೀರುತ್ತದೆ. ಉಳಿದರ್ಧಕ್ಕೆ ಸೀಲಿಂಗ್‌ಗೆ ವುಡ್ ವೂಲ್ ಬೋರ್ಡ್ (ಮರದ ಎಳೆಗಳ ಹಲಗೆ) ತರಹದ್ದು ಹಾಕಲೇಬೇಕು. ಬರೀ ಗಾರೆ ಗೋಡೆ, ಗ್ರಾನೈಟ್ ನೆಲ ಬಿಟ್ಟರೆ ಭಾಷಣ ಮಾಡುವವರ ಒಂದು ಮಾತಿನ ಮೇಲೆ ಇನ್ನೊಂದು ಮಾತು ಬಿದ್ದು ಏನೂ ತಿಳಿಯುವುದಿಲ್ಲ. ಮೈಕ್ ಜಾಸ್ತಿ ಮಾಡಿದಷ್ಟೂ ಕೆಡುತ್ತದೆ. ಬರೀ ಶೀಟ್ ಅಂತೂ ನಿಮ್ಮ ಕಡೆಯ ಜುಲೈ ಮಳೆಯ ಸದ್ದಿಗೆ ಬೇಡವೇ ಬೇಡ.

ಚೆಂಡೆಪೆಟ್ಟು:
ಸ್ಟೇಜ್ 4 ಅಡಿ ಯಾಕೆ? ಕುರ್ಚಿಯಲ್ಲಿ ಕೂತವರ ಕಣ್ಣು 4 ಅಡಿಗಿಂತ ಕೆಳಗಿರುತ್ತದೆ. ಮುಂದಿನ ಸಾಲಿನವರಿಗೆ ವೇಷಧಾರಿಯ ಮೊಣಕಾಲಿನಿಂದ ಮೇಲೆ ಕಾಣುತ್ತದೆ, ಹೆಜ್ಜೆ ಕಾಣುವುದಿಲ್ಲ. ಹೆಜ್ಜೆ ಕಾಣದ ಆಟ ಆಟವಾ? ಮೆಟ್ಟಿಲು ಸಾಲು ಮಾಡುವುದಾದರೆ ಸ್ಟೇಜ್ ಎರಡೂವರೆ ಅಡಿ ಸಾಕು.

ರಂಗಸ್ಥಳಕ್ಕೆ ಮೂರು ಕಡೆ ಜನ ಕೂರುವ ಅಭ್ಯಾಸ ನಮ್ಮದು. ಸ್ಟೇಜಿನ ಮುಂಭಾಗ ಸ್ವಲ್ಪ ಜನರ ನಡುವೆ ಚಾಚಿಕೊಂಡಿರಲಿ. ಬೆಂಗಳೂರಿನ ನಾಟಕ ಮಂದಿರ ರಂಗಶಂಕರ ಹಾಗೇ ಇದೆ, 2004ರಿಂದ ನಡೆಯುತ್ತಿದೆ, ಸೀಟು ಮುನ್ನೂರು ಚಿಲ್ಲರೆ ಅಷ್ಟೇ. ನಿಮಗೆ ಹತ್ತಿರ ಬೇಕಾದರೆ ಹೆಗ್ಗೋಡಿಗೆ ಹೋಗಿ ಬನ್ನಿ, ಅಲ್ಲಿನ ರಂಗಸಂಸ್ಥೆ ನೀನಾಸಂನ ಶಿವರಾಮ ಕಾರಂತ ರಂಗಮಂದಿರ 1972ರದ್ದು. ಕಮಿಟಿಯವರನ್ನೂ ಕರೆದುಕೊಂಡು ಹೋಗಿ, ಸುಮ್ನೆ ಹೇಳಿದರೆ ಅರ್ಥ ಆಗಲ್ಲ.

ಚೌಕಿಗೆ (ವೇಷ ಕಟ್ಟುವ ಕೋಣೆ) ಒಳ್ಳೆ ಜಾಗ ಬಿಡಿಸಿ. ಹತ್ತು ಹದಿನೈದು ಜನ ನೆಲದ ಮೇಲೆ ಕೂತು ಬಣ್ಣ ಹಚ್ಚುವಷ್ಟು, ನೀರು, ಟಾಯ್ಲೆಟ್ ಸ್ಟೇಜಿನ ಮಟ್ಟದಲ್ಲೇ. ಎರಡು ಬಚ್ಚಲಿನಷ್ಟು ಜಾಗ ಬಿಟ್ಟು ಗ್ರೀನ್ ರೂಮ್ ಅಂತ ಬೋರ್ಡ್ ಹಾಕಿದರೆ ಕಲಾವಿದರಿಗೆ ಅವಮಾನ.

ಭವನದ ಮ್ಯಾನೇಜರ್:
ಇಂಥದೇ ಒಂದು ಭವನ ನೋಡಿಕೊಳ್ಳುತ್ತೇನೆ. ಕರೆಂಟ್ ಬಿಲ್, ಸುಣ್ಣ ಬಣ್ಣ ಎಲ್ಲಾ ನಡೆಯುವುದು ಮದುವೆ ಬಾಡಿಗೆಯಲ್ಲಿ, ನಾಟಕದಿಂದಲ್ಲ. ಊಟದ ಹಾಲ್ ಬೇರೆಯೇ ಇರಲಿ, ನಡುವೆ ಅಂಗಳ ಬಿಡಿ. ನಮ್ಮಲ್ಲಿ ಅಡುಗೆಮನೆ ಸ್ಟೇಜಿಗೆ ಅಂಟಿಕೊಂಡಿದೆ, ಕೊಪ್ಪರಿಗೆ ಎಳೆಯುವ ಸದ್ದು, ಒಗ್ಗರಣೆ ಘಾಟು ಎಲ್ಲಾ ಒಳಗೆ ಬರುತ್ತದೆ. ಜನರೇಟರ್ ದೂರ. ಬಾಗಿಲುಗಳೆಲ್ಲ ಹೊರಕ್ಕೆ ತೆರೆಯಬೇಕು. ಹೆಂಗಸರ ಟಾಯ್ಲೆಟ್ ಗಂಡಸರದ್ದಕ್ಕಿಂತ ಜಾಸ್ತಿ ಮಾಡಿಸಿ, ಮದುವೆ ದಿನ ಕ್ಯೂ ನೋಡಿದರೆ ಗೊತ್ತಾಗುತ್ತದೆ.

ಮಲೆನಾಡಿಗ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ಸ್ಟೇಜ್ ಕೆಳಗೆ ಹೋದರೆ ಸೆಟ್ ಸಾಮಾನಿನ ಲಾರಿ ಹೇಗೆ ಬರಬೇಕು? ವಯಸ್ಸಾದವರು ಅಷ್ಟು ಮೆಟ್ಟಿಲು ಇಳಿಯುತ್ತಾರಾ?

ಗಾರೆ_ಗೆರೆ:
ಪಕ್ಕದಲ್ಲಿ 12 ಅಡಿ ಅಗಲದ ದಾರಿ ಕೆಳಗಿನವರೆಗೆ ಬಿಡಿ, ಲಾರಿ ಸ್ಟೇಜಿನ ಹಿಂಬಾಗಿಲಿಗೆ ಬರುತ್ತದೆ, ಅಡುಗೆ ಸಾಮಾನಿಗೂ ಅದೇ ದಾರಿ. ವೀಲ್‌ಚೇರ್‌ನವರಿಗೆ, ಮೆಟ್ಟಿಲು ಆಗದವರಿಗೆ ರಸ್ತೆ ಮಟ್ಟದಲ್ಲೇ ಹಿಂದಿನ ಸಾಲು ಪೂರ್ತಿ ಬಿಡಿ. ಮಂಟಪದವರೆಗೆ ಹೋಗಲು ರ‍್ಯಾಂಪ್ ಬೇಕು, 1 ಅಡಿ ಇಳಿಯಲು 12 ಅಡಿ ಉದ್ದ ಲೆಕ್ಕ. ಜಾಗದ ಲೆವೆಲ್ ಅಳತೆ ಇದ್ದರೆ ಇಲ್ಲೇ ಹಾಕಿ, ಒಂದು ಕಚ್ಚಾ ಸೆಕ್ಷನ್ ಗೀಚಿ ಕೊಡುತ್ತೇನೆ.