ಕೆರೆ ಏರಿ ಕೆಳಗೆ ಸೈಟು ತಗೋಬಹುದಾ? ಏರಿ ತಡೆಯುತ್ತೆ ಅಂತ ಹೇಗೆ ತಿಳಿಯೋದು?

ಪ್ರಶ್ನೆ: ಕೋಲಾರ ತಾಲ್ಲೂಕಲ್ಲಿ ಒಂದು ಕೆರೆ ಏರಿಯಿಂದ ಕೂಗಳತೆ ದೂರದಲ್ಲಿ 30–40ರ ಸೈಟು ನೋಡಿದ್ದೀವಿ. ಮುಂಚೆ ಅಚ್ಚುಕಟ್ಟಿನ (ಕೆರೆ ನೀರು ಹಾಯೋ ಜಮೀನಿನ) ಗದ್ದೆ, ಈಗ ಲೇಔಟ್. ಏರಿಗೆ ಮಣ್ಣು ಹೊಡೆಸಿ ಮೇಲೆ ಟಾರು ಹಾಕಿದ್ದಾರೆ, ಏನೂ ಆಗಲ್ಲ ಅಂತಾರೆ ಮಾರುವವರು. ನಮ್ಮಮ್ಮನಿಗೆ ಓಡಾಡೋಕೆ ಆಗಲ್ಲ. ರಾತ್ರಿ ಹೊತ್ತು ನೀರು ನುಗ್ಗಿದರೆ ಏನು ಗತಿ ಅನ್ನೋದೇ ಭಯ. ಇಂಥ ಕಡೆ ಇರುವವರು ದಯವಿಟ್ಟು ಹೇಳಿ.

ಬೇತಮಂಗಲ ಕಡೆಯ ರೈತರು: ಅಣ್ಣಾ, ಟಾರು ನೋಡಿ ನಂಬಬೇಡಿ. ಮೊದಲು ಕೋಡಿ ಹತ್ತಿರ ಹೋಗಿ, ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಆಚೆ ಹರಿಯೋ ಜಾಗ. ಮಣ್ಣಿನ ಏರಿ ನೀರನ್ನ ತಡೆದು ನಿಲ್ಲುತ್ತೆ, ತಲೆ ಮೇಲೆ ಹರಿದರೆ ಮಾತ್ರ ನಿಲ್ಲಲ್ಲ. ಹಿಂದಿನ ಇಳಿಜಾರು ಕೊರೆದು ಸ್ವಲ್ಪ ಹೊತ್ತಲ್ಲೇ ಬಾಯಿ ಬಿಡುತ್ತೆ. ನೀರು ಅಷ್ಟು ಮೇಲೆ ಏರದ ಹಾಗೆ ನೋಡಿಕೊಳ್ಳೋದು ಕೋಡಿ. ಅದು ಸರಿ ಇಲ್ಲದಿದ್ದರೆ ಏರಿ ಎಷ್ಟು ದಪ್ಪ ಇದ್ದರೂ ಅಷ್ಟೇ.

ಕೋಡಿ ಮೇಲೆ ಮರಳು ಮೂಟೆ, ಸೈಜುಗಲ್ಲು ಜೋಡಿಸಿದ್ದಾರಾ ನೋಡಿ. ಇನ್ನೊಂದಡಿ ನೀರು ನಿಲ್ಲಲಿ ಅಂತ ಜನ ಹಾಗೆ ಮಾಡ್ತಾರೆ. ಮೀನು ಹಿಡಿಯೋ ಗುತ್ತಿಗೆಯವರು ಮೀನು ಆಚೆ ಹೋಗದಿರಲಿ ಅಂತ ಅಡ್ಡ ಬಲೆ ಕಟ್ಟಿರ್ತಾರೆ. ಮಳೆ ಬಂದಾಗ ಆ ಬಲೆಗೆ ಅಂತರಗಂಗೆ ಕಳೆ, ಪ್ಲಾಸ್ಟಿಕ್, ಸೌದೆ ಕಡ್ಡಿ ಎಲ್ಲ ಮೆತ್ತಿಕೊಂಡು ಅದೇ ಒಂದು ಗೋಡೆ ಆಗುತ್ತೆ. ಇದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಬಲೆ ಕುಯ್ದ ಮೇಲೇ ನೀರು ಇಳಿದಿದ್ದು.

ಆಮೇಲೆ ಏರಿ ಉದ್ದಕ್ಕೂ ನಡೀರಿ. ದನ ಇಳಿಯೋ ಜಾಡು, ಟ್ರಾಕ್ಟರ್ ದಾರಿ, ಹೀಗೆ ಎಲ್ಲೋ ಒಂದು ಕಡೆ ತಗ್ಗಿರುತ್ತೆ. ಏರಿಯ ಎತ್ತರ ಅಂದರೆ ಆ ತಗ್ಗಿನ ಎತ್ತರ, ನೀರು ಹಾಯೋದು ಅಲ್ಲೇ.

ಮೇಲುಗಡೆ ಕೆರೆಗಳನ್ನೂ ವಿಚಾರಿಸಿ. ನಮ್ಮಲ್ಲಿ ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುತ್ತೆ, ಮೇಲಿನದು ಒಡೆದರೆ ಅಷ್ಟೂ ನೀರು ಒಟ್ಟಿಗೆ ಕೆಳಗಿನದಕ್ಕೆ ಬರುತ್ತೆ. 1903ರ ನವೆಂಬರಲ್ಲಿ ಮೈಸೂರು ಸೀಮೆ ಕೆರೆಗಳು ಒಡೆದು ಪಾಲಾರ್ ನದಿ ಉಕ್ಕಿ, ಅಷ್ಟು ದೂರದ ತಮಿಳುನಾಡಿನ ವಾಣಿಯಂಬಾಡಿ ಮುಳುಗಿತ್ತು. ಈಗ ಇನ್ನೊಂದು ವಿಷಯ ಸೇರಿದೆ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕಳಿಸೋದು) ಬಂದು ಎಷ್ಟೋ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರಿದೆ. ಅದು ನಮ್ಮ ಪುಣ್ಯ. ಆದರೆ ತುಂಬಿದ ಕೆರೆಗೆ ಮಳೆ ಬಿದ್ದರೆ ನೀರು ಹಿಡಿಯೋಕೆ ಜಾಗ ಎಲ್ಲಿ? ಸೀದಾ ಕೋಡಿಗೇ ಬರುತ್ತೆ.

ಗೌರಿಬಿದನೂರಿನ ಗೃಹಿಣಿ: ನಮ್ಮ ಮನೆ ಏರಿ ಕೆಳಗೇ ಇದೆ, ಅದಕ್ಕೇ ಬರೀತಿದ್ದೀನಿ. 2021ರ ನವೆಂಬರ್ ಮಳೆಗೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳೂ ಕೋಡಿ ಹರಿದವು. ಬಹಳ ದಿನ ಒಣಗಿದ್ದ ಏರಿಯಲ್ಲಿ ಬಿರುಕು, ಹುತ್ತ, ಇಲಿ ಬಿಲ, ಸತ್ತ ಜಾಲಿ ಬೇರಿನ ತೂತು ಎಲ್ಲ ಇರುತ್ತೆ. ನೀರು ತುಂಬಿದಾಗಲೇ ಅವು ಗೊತ್ತಾಗೋದು. ಹಾಗಾಗಿ ಕೆರೆ ತುಂಬಿದ್ದಾಗ ಹೋಗಿ, ಏರಿ ಹಿಂಭಾಗದ ಬುಡದಲ್ಲಿ, ಮುಖ್ಯವಾಗಿ ತೂಬಿನ (ಗದ್ದೆಗೆ ನೀರು ಬಿಡೋ ಕಂಡಿಯ) ಆಸುಪಾಸು ನೋಡಿ. ಜೌಗು, ಜಿನುಗು ಇದ್ದೇ ಇರುತ್ತೆ. ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿ ನೀರಾದರೆ ಅದರ ಮೇಲೊಂದು ಕಣ್ಣಿಡಿ ಸಾಕು. ಲೋಟದ ತಳದಲ್ಲಿ ಕೆಂಪು ಮಣ್ಣು ಕೂತರೆ ಏರಿ ಒಳಗಿನ ಮಣ್ಣು ಕೊಚ್ಚಿಕೊಂಡು ಬರ್ತಿದೆ ಅಂತ, ಅದು ತಡ ಮಾಡೋ ವಿಷಯವೇ ಅಲ್ಲ.

ತುಮಕೂರಿನಿಂದ, ಸರ್ವೆ ಕೆಲಸದವರು: ಏರಿ ಗಟ್ಟಿಯಿದ್ದೂ ಸೈಟು ಮುಳುಗಬಹುದು ಸರ್. ಕೋಡಿ ಹಳ್ಳ ಎಲ್ಲಿ ಹರಿಯುತ್ತೆ ಅಂತ ಗ್ರಾಮ ನಕ್ಷೆಯಲ್ಲಿ ನೋಡಿ, ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪಲ್ಲೂ ಹಳ್ಳ, ಕಾಲುವೆ ಕಾಣುತ್ತೆ. ಇನ್ನು ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯಿತಿ ಕಡೆ ಬರುತ್ತೆ. ಏರಿ ಎತ್ತರಿಸಿದಾಗ ಕೋಡಿಯನ್ನೂ ಅಗಲ ಮಾಡಿದರಾ ಅಂತ ಅವರಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಕೊಡಿ. ಬಾಯಿ ಮಾತು ಬೇಡ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೈ ಮುಗಿದೆ. ಇವತ್ತು ನೋಡಿಕೊಂಡು ಬಂದೆ. ಕೋಡಿ ಚೆನ್ನಾಗೇ ಇದೆ, ಬಲೆ ಗಿಲೆ ಏನಿಲ್ಲ. ಆದರೆ ನಕ್ಷೆಯಲ್ಲಿರೋ ಕೋಡಿ ಹಳ್ಳ ಲೇಔಟ್ ಒಳಗೆ ಬಂದ ತಕ್ಷಣ ಮಾಯ! ಅಲ್ಲಿ ಒಂದು ಸಿಮೆಂಟ್ ಪೈಪು ಹೂತು ಮೇಲೆ ರಸ್ತೆ ಮಾಡಿದ್ದಾರೆ, ನಮ್ಮ ಸೈಟು ಅದರ ಪಕ್ಕಕ್ಕೇ ಬರುತ್ತೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ಬೇತಮಂಗಲ ಕಡೆಯ ರೈತರು: ಕೊಡಬೇಡಿ ಅಣ್ಣಾ. ಹಳ್ಳದ ನೀರು ಪೈಪಲ್ಲಿ ಹಿಡಿಯಲ್ಲ. ಅದೇ ಊರಲ್ಲಿ ದಿಣ್ಣೆ ಕಡೆ ಸೈಟು ಸಿಗುತ್ತಾ ಕೇಳಿ, ಹಳೇ ನೀರಗಂಟಿ (ಕೆರೆ ನೀರು ಬಿಡೋ ಕೆಲಸದವರು) ಮನೆಯವರು ಯಾರಾದರೂ ಇದ್ದರೆ ನೀರು ಎಲ್ಲಿವರೆಗೂ ಬಂದಿತ್ತು ಅಂತ ಕೈ ತೋರಿಸಿ ಹೇಳ್ತಾರೆ.

ಗೌರಿಬಿದನೂರಿನ ಗೃಹಿಣಿ: ಈಗಾಗಲೇ ಏರಿ ಕೆಳಗೆ ಇರುವವರಿಗೂ ಒಂದು ಮಾತು. ಜಿನುಗು ನೀರು ಕೆಂಪಾದರೆ, ಏರಿ ಮೇಲೆ ಉದ್ದುದ್ದ ಬಿರುಕು ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ. ಜಿಲ್ಲಾಡಳಿತದ 1077ಕ್ಕೆ ಫೋನ್ ಮಾಡಿ, ವಯಸ್ಸಾದವರನ್ನ ಆಗಲೇ ಮೇಲಿನ ಬೀದಿಗೆ ಕಳಿಸಿ.