9 ವರ್ಷದ ಮಗನನ್ನು ಹೌಸ್ ಲೀಗ್‌ನಿಂದ ರೆಪ್ ಐಸ್ ಹಾಕಿಗೆ ಕಳಿಸಬಹುದೇ? ಟ್ರೈಔಟ್, ಸ್ಕೇಟ್, ಖರ್ಚಿನ ಬಗ್ಗೆ ತಿಳಿದವರು ಹೇಳಿ (ಮಿಸ್ಸಿಸಾಗಾ, ಕೆನಡಾ)

ಕಾವೇರಿತೀರ:
ಎಲ್ಲರಿಗೂ ನಮಸ್ಕಾರ. ಮಗ 2016ರ ನವೆಂಬರ್‌ನಲ್ಲಿ ಹುಟ್ಟಿದವನು, ತೂಕ 30 ಕೆಜಿ, ಆಡುವುದು ಡಿಫೆನ್ಸ್. ಮೂರು ಸೀಸನ್ ಹೌಸ್ ಲೀಗ್ (ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುವ ಸ್ಥಳೀಯ ಲೀಗ್) ಆಗಿದೆ. ಈ ವಸಂತಕ್ಕೆ ರೆಪ್ (ಆಯ್ದ ಮಕ್ಕಳ ಸ್ಪರ್ಧಾ ತಂಡ) ಟ್ರೈಔಟ್‌ಗೆ, ಅಂದರೆ ಆಯ್ಕೆ ಪರೀಕ್ಷೆಗೆ, ಕರೆತನ್ನಿ ಎಂದು ಅವನ ಕೋಚ್ ಹೇಳಿದ್ದಾರೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿನ ಎ, ಡಬಲ್ ಎ, ಟ್ರಿಪಲ್ ಎ ಲೆಕ್ಕ ಅರ್ಥವಾಗುತ್ತಿಲ್ಲ. ಯಾವ ಮಟ್ಟಕ್ಕೆ ಪ್ರಯತ್ನಿಸಬೇಕು? ಟ್ರೈಔಟ್‌ನಲ್ಲಿ ಏನು ನೋಡುತ್ತಾರೆ? ಸ್ಕೇಟ್ ಹೊಸದು ಕೊಳ್ಳಬೇಕಾಗಿದೆ, ಸೈಜ್ ಹೇಗೆ ನೋಡುವುದು? ಸಹಿ ಹಾಕುವ ಮುಂಚೆ ತಂಡದವರನ್ನು ಏನೇನು ಕೇಳಬೇಕು? ಮಗ ಮೊದಲೇ ಸ್ವಲ್ಪ ಸಣ್ಣಗಿದ್ದಾನೆ, ಅದೂ ಒಂದು ಚಿಂತೆ.

ನೀಲಿಗೆರೆ:
ಕೊನೆಯ ಚಿಂತೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಇಲ್ಲಿ ವಯಸ್ಸಿನ ಗುಂಪು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ಆಗುತ್ತದೆ, ಗಡಿ ಡಿಸೆಂಬರ್ 31. ಹಾಗಾಗಿ 2016ರ ಜನವರಿಯ ಹುಡುಗನೂ ನಿಮ್ಮ ನವೆಂಬರ್ ಹುಡುಗನೂ ಒಂದೇ ಗುಂಪು. ಒಂಬತ್ತರ ವಯಸ್ಸಿನಲ್ಲಿ ಹತ್ತು ತಿಂಗಳ ಅಂತರ ಎಂದರೆ ಎತ್ತರ, ಕಾಲಿನ ಬಲ, ಹೇಳಿದ್ದನ್ನು ಗ್ರಹಿಸುವ ತಾಳ್ಮೆ, ಎಲ್ಲದರಲ್ಲೂ ಕಣ್ಣಿಗೆ ಕಾಣುವ ಅಂತರ. ಮೇಲಿನ ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುತ್ತಾರೆ ಎಂಬುದನ್ನು ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿದ್ದರು. ಮಗ ಈ ವರ್ಷ ಆಯ್ಕೆಯಾಗದಿದ್ದರೆ ಅವನಲ್ಲಿ ಪ್ರತಿಭೆ ಇಲ್ಲ ಎಂದುಕೊಳ್ಳಬೇಡಿ, ಅವನ ಎದುರಂತೂ ಹಾಗೆ ಮಾತಾಡಲೇಬೇಡಿ. 13-14ರ ಹೊತ್ತಿಗೆ ಈ ಅಂತರ ತುಂಬಾ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ಆಟದಲ್ಲಿ ಉಳಿದಿರಬೇಕು ಅಷ್ಟೆ.

ಈಗ ಮಟ್ಟಗಳು. ಟೊರೊಂಟೊ ಸುತ್ತಲಿನ ಜಿಟಿಎಚ್ಎಲ್‌ನಲ್ಲಿ (ಗ್ರೇಟರ್ ಟೊರೊಂಟೊ ಹಾಕಿ ಲೀಗ್) ಎ, ಡಬಲ್ ಎ, ಟ್ರಿಪಲ್ ಎ ಎಂದು ಮೂರು ರೆಪ್ ಮಟ್ಟ, ಟ್ರಿಪಲ್ ಎ ಎಲ್ಲಕ್ಕಿಂತ ಮೇಲೆ. ಹೌಸ್ ಲೀಗ್‌ಗೂ ರೆಪ್‌ಗೂ ನಡುವೆ 'ಸೆಲೆಕ್ಟ್' ಎಂಬುದೊಂದಿದೆ, ಹೊಸ ಪಾಲಕರು ಅದನ್ನು ಗಮನಿಸುವುದೇ ಇಲ್ಲ. ಹೌಸ್ ಲೀಗ್ ಆಡುತ್ತಲೇ ಅದರೊಳಗಿನ ಚುರುಕು ಮಕ್ಕಳ ತಂಡ ಕಟ್ಟಿ ಹೆಚ್ಚುವರಿ ಪ್ರಾಕ್ಟೀಸ್, ಬೇರೆ ಕ್ಲಬ್‌ಗಳ ಜೊತೆ ಪಂದ್ಯ, ಒಂದೆರಡು ಟೂರ್ನಮೆಂಟ್ ಆಡಿಸುತ್ತಾರೆ. ನಿಮ್ಮ ಮಗನಿಗೆ ನನ್ನ ಸಲಹೆ: ಎ ಮಟ್ಟಕ್ಕೆ ಟ್ರೈಔಟ್ ಮಾಡಿಸಿ, ಸೆಲೆಕ್ಟ್ ಬಾಗಿಲು ಮುಚ್ಚಬೇಡಿ. ಡಬಲ್ ಎ ತಂಡದ ಆರನೇ ಡಿಫೆನ್ಸ್‌ಮನ್ ಆಗಿ ಬೆಂಚ್ ಮೇಲೆ ಕೂರುವುದಕ್ಕಿಂತ, ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಾಲಬುಡಕ್ಕೆ ಪದೇ ಪದೇ ಬರುವ ಕಡೆ ಆಡುವುದೇ ಈ ವಯಸ್ಸಿಗೆ ಮೇಲು. ಪಕ್ ಮುಟ್ಟದೆ ಕಲಿಯುವುದು ಈಜುಕೊಳದ ದಂಡೆಯಲ್ಲಿ ಕೂತು ಈಜು ಕಲಿತಂತೆ.

ಟ್ರೈಔಟ್ ವಸಂತದಲ್ಲಿ, ಸೀಸನ್ ಮುಗಿದ ಮೇಲೆ ನಡೆಯುತ್ತದೆ. ದಿನಾಂಕ ಲೀಗ್‌ನ ಜಾಲತಾಣದಲ್ಲೇ ನೋಡಿ, ವಾಟ್ಸ್ಆ್ಯಪ್ ಗುಂಪಿನ ಮಾತು ನಂಬಬೇಡಿ. ಪ್ರತಿ ಸೆಷನ್‌ಗೂ ಶುಲ್ಕ ಇರುತ್ತದೆ, ಎರಡು ಮೂರು ತಂಡಕ್ಕೆ ಹೋಗುವುದು ಮಾಮೂಲು.

ಡಿಫೆನ್ಸ್ ಆಡುವವನಲ್ಲಿ ನೋಡುವುದು ಇಷ್ಟು. ಹಿಂದಕ್ಕೆ ಸ್ಕೇಟ್ ಮಾಡುವಾಗ ಕ್ರಾಸ್‌ಓವರ್ (ಒಂದು ಕಾಲನ್ನು ಇನ್ನೊಂದರ ಆಚೆಗೆ ದಾಟಿಸಿ ಇಡುವುದು) ಬರುತ್ತದೆಯೇ? ಹಿಂದಕ್ಕೆ ಹೋಗುತ್ತಿದ್ದವನು ಮುಂದಕ್ಕೆ ತಿರುಗುವ ಪಿವಟ್ ಎಡಕ್ಕೂ ಬಲಕ್ಕೂ ಬರುತ್ತದೆಯೇ? ಹೆಚ್ಚಿನ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ತಿರುಗುವಾಗ ನಿಂತೇ ಬಿಡುತ್ತಾರೆ, ಎದುರಾಳಿ ಆ ಕಡೆಯಿಂದಲೇ ದಾಟಿಹೋಗುತ್ತಾನೆ. ಪಬ್ಲಿಕ್ ಸ್ಕೇಟಿಂಗ್ ಸಮಯದಲ್ಲಿ ಪಕ್ ಇಲ್ಲದೆ, ಬಾರದ ಬದಿಗೆ ಮಾತ್ರ ದಿನಕ್ಕೆ 20 ಸಲ ತಿರುಗಿಸಿ. ಜನ ಕಡಿಮೆ ಇರುವ ಮೂಲೆ ನೋಡಿಕೊಳ್ಳಿ.

ಎರಡನೆಯದು, ಮೂಲೆಯಲ್ಲಿ ಬಿದ್ದ ಪಕ್ ತರಲು ಹೋಗುವಾಗ ಅದನ್ನು ಮುಟ್ಟುವ ಮುಂಚೆಯೇ ಹೆಗಲ ಮೇಲಿಂದ ಹಿಂತಿರುಗಿ ನೋಡುತ್ತಾನೆಯೇ ಎಂಬುದು. ನೋಡಿದವನಿಗೆ ಪಾಸ್ ಎಲ್ಲಿಗೆ ಕೊಡಬೇಕೆಂದು ಗೊತ್ತಿರುತ್ತದೆ. ನೋಡದವನು ಕುರುಡಾಗಿ ಬೋರ್ಡ್‌ಗೆ (ರಿಂಕ್ ಸುತ್ತಲಿನ ಗೋಡೆ) ಬಾರಿಸುತ್ತಾನೆ. ಒಬ್ಬನೇ ಇಡೀ ರಿಂಕ್ ದಾಟಿ ಗೋಲು ಹೊಡೆಯಲು ಹೋಗುವುದು ಹೌಸ್ ಲೀಗ್‌ನಲ್ಲಿ ನಡೆಯುತ್ತದೆ. ಟ್ರೈಔಟ್‌ನಲ್ಲಿ ಒಮ್ಮೆ ಪಕ್ ಕಳೆದುಕೊಂಡು ಹಿಂದಕ್ಕೆ ಓಡಿಬರದಿದ್ದರೆ ಕೋಚ್‌ಗಳ ಆಯ್ಕೆ ಹಾಳೆಯಲ್ಲಿ ಅವನ ಹೆಸರು ಕೆಳಗಿಳಿಯುತ್ತದೆ. ಶಿಫ್ಟ್ (ಒಮ್ಮೆ ಐಸ್‌ಗಿಳಿದು ಆಡುವ ಸರದಿ) 45 ಸೆಕೆಂಡ್ ಆದಾಗ ತಾನಾಗಿ ಬದಲಾವಣೆಗೆ ಬರುವ ಹುಡುಗನೂ ಕೋಚ್‌ಗಳ ಕಣ್ಣಿಗೆ ಬೀಳುತ್ತಾನೆ.

ಹಿಮದ ಹಕ್ಕಿ:
ನೀಲಿಗೆರೆ ಸರ್ ಆಟದ ಬಗ್ಗೆ ಬರೆದಿದ್ದಾರೆ, ನಾನು ಸಾಮಾನಿನ ಬಗ್ಗೆ ಬರೆಯುತ್ತೇನೆ.

ನಮ್ಮವರು ಮಾಡುವ ದೊಡ್ಡ ತಪ್ಪು: ಬೆಳೆಯೋ ಮಗು ಎಂದು ಸ್ಕೇಟ್ ಎರಡು ಸೈಜ್ ದೊಡ್ಡದು ತರುವುದು. ಶಾಲೆಯ ಶೂಗೆ ಅದು ನಡೆಯಬಹುದು. ಸ್ಕೇಟ್‌ನಲ್ಲಿ ಹಿಮ್ಮಡಿ ಒಳಗೆ ಮೇಲಕ್ಕೆದ್ದರೆ ಪಾದ ತಿರುಗಿಸಿದ್ದು ಬ್ಲೇಡ್‌ಗೆ ತಲುಪುವುದೇ ಇಲ್ಲ, ಮಗುವಿನ ಕಣಕಾಲು ಒಳಕ್ಕೆ ವಾಲುತ್ತದೆ, ಪಿವಟ್ ಬರದಿರಲು ಅರ್ಧ ಕಾರಣ ಇದೇ. ಸಾಮಾನ್ಯವಾಗಿ ಹಾಕಿ ಸ್ಕೇಟ್ ಹೊರಗಿನ ಶೂ ಸೈಜ್‌ಗಿಂತ 1ರಿಂದ 1.5 ಕಡಿಮೆ ಬರುತ್ತದೆ. ಲೇಸ್ ಸಡಿಲ ಬಿಟ್ಟು ಬೆರಳುಗಳನ್ನು ಮುಂದಕ್ಕೆ ತಾಗಿಸಿದಾಗ ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಹಿಡಿಸಬೇಕು, ಎರಡು ಹಿಡಿಸಿದರೆ ದೊಡ್ಡದಾಯಿತು. ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಲೇಸ್ ಬಿಗಿದು, ಮಂಡಿ ಬಗ್ಗಿಸಿ ನಿಲ್ಲಿಸಿ. ಬೆರಳ ತುದಿ ಸ್ಕೇಟ್‌ನ ಮುಂತುದಿಗೆ ಸವರಿದಂತೆ ಇರಬೇಕು, ಮಡಚಿಕೊಳ್ಳಬಾರದು. ತೆಳ್ಳನೆಯ ಒಂದೇ ಕಾಲುಚೀಲ ಹಾಕಿಸಿ, ದಪ್ಪ ಉಣ್ಣೆಯದು ಬೇಡ. ಬೆಳವಣಿಗೆಗೆಂದು ಬಿಡುವುದು ಹೆಚ್ಚೆಂದರೆ ಅರ್ಧ ಸೈಜ್.

ಅಂಗಡಿಯಲ್ಲಿ ಸ್ಕೇಟನ್ನು ಬಿಸಿಮಾಡಿ ಕಾಲಿಗೆ ಕೂರಿಸಿಕೊಡುತ್ತಾರೆ. ಹಾಗೆ ಮಾಡಿದ ಮೇಲೆ 24 ಗಂಟೆ ಐಸ್‌ಗೆ ಇಳಿಸಬೇಡಿ. ಟ್ರೈಔಟ್‌ಗೆ ಕನಿಷ್ಠ ಮೂರು ವಾರ ಮುಂಚೆ ಕೊಳ್ಳಿ. ಹೊಸ ಸ್ಕೇಟ್‌ನಲ್ಲಿ ಟ್ರೈಔಟ್ ಮಾಡಿಸುವುದು ಮಗುವಿಗೆ ನಾವೇ ಮಾಡುವ ಅನ್ಯಾಯ.

ಸಾಣೆ ಹಿಡಿಸುವುದು: ಬ್ಲೇಡ್‌ನ ತಳದಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದೆ, ಅದರ ಎರಡು ಬದಿಯೇ ಎಡ್ಜ್. ತೋಡಿನ ಅಂಕಿ ಚಿಕ್ಕದಾದಷ್ಟು ಆಳ ಹೆಚ್ಚು, ಐಸನ್ನು ಕಚ್ಚುವುದೂ ಹೆಚ್ಚು. 1/2 ಇಂಚು ಸಾಮಾನ್ಯ, 30 ಕೆಜಿ ಹುಡುಗನಿಗೆ ಅಲ್ಲಿಂದಲೇ ಶುರುಮಾಡಿ. ತಿರುವಿನಲ್ಲಿ ಜಾರುತ್ತಾನೆ ಎಂದರೆ 3/8ರ ಕಡೆಗೆ, ನಿಲ್ಲುವಾಗ ಬ್ಲೇಡ್ ಹಿಡಿದು ಮುಗ್ಗರಿಸುತ್ತಾನೆ ಎಂದರೆ 5/8ರ ಕಡೆಗೆ. ಐಸ್ ಮೇಲೆ 6-8 ಗಂಟೆ ಆಡಿದ ಮೇಲೆ ಮತ್ತೆ ಸಾಣೆ. ಅಂಗಡಿಯಿಂದ ಹೊರಡುವ ಮುಂಚೆ ಸ್ಕೇಟ್ ತಲೆಕೆಳಗು ಹಿಡಿದು ಬ್ಲೇಡ್ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಟ್ಟು ನೋಡಿ. ವಾಲಿದ್ದರೆ ಒಂದು ಎಡ್ಜ್ ಎತ್ತರ, ಇನ್ನೊಂದು ತಗ್ಗು. ಮಗುವಿಗೆ ಇದನ್ನು ಹೇಳಲು ಬರುವುದಿಲ್ಲ, 'ಇವತ್ತು ಕಾಲು ಸರಿಯಿಲ್ಲ' ಎನ್ನುತ್ತದೆ. ಟ್ರೈಔಟ್‌ಗೆ ಒಂದೆರಡು ದಿನ ಮುಂಚೆ ಸಾಣೆ ಹಿಡಿಸಿ ಒಮ್ಮೆ ಆಡಿಸಿಬಿಡಿ. ಆಟ ಮುಗಿದ ಕೂಡಲೇ ಬಟ್ಟೆಯಿಂದ ಬ್ಲೇಡ್ ಒರೆಸಿ ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಗಾರ್ಡ್ ನಡೆಯುವುದಕ್ಕೆ ಮಾತ್ರ. ಅದನ್ನು ಹಾಕಿಯೇ ಬ್ಯಾಗ್‌ಗೆ ಸೇರಿಸಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ.

ಸ್ಟಿಕ್: ಬರಿಗಾಲಲ್ಲಿ ನಿಂತಾಗ ಮೂಗಿಗೂ ಗದ್ದಕ್ಕೂ ನಡುವೆ, ಸ್ಕೇಟ್ ಹಾಕಿದಾಗ ಗದ್ದದ ಹತ್ತಿರ ಬರಬೇಕು. ಫ್ಲೆಕ್ಸ್ ಅಂಕಿ (ಸ್ಟಿಕ್ ಎಷ್ಟು ಗಟ್ಟಿ ಎಂಬುದು) ಮಗುವಿನ ಪೌಂಡ್ ತೂಕದ ಸುಮಾರು ಅರ್ಧ. 30 ಕೆಜಿ ಎಂದರೆ 66 ಪೌಂಡ್, ಹಾಗಾಗಿ 30-35. ಉದ್ದದ ಸ್ಟಿಕ್ ತಂದು ಕತ್ತರಿಸಿದರೆ ಅದು ಇನ್ನೂ ಗಟ್ಟಿಯಾಗುತ್ತದೆ, ಹುಡುಗ ಎಷ್ಟು ಒತ್ತಿದರೂ ಬಾಗುವುದಿಲ್ಲ, ಶಾಟ್ ನೆಲ ಬಿಟ್ಟು ಏಳುವುದಿಲ್ಲ. ಇನ್ನೊಂದು ಮಾತು, ಬೇರೆ ಓದುಗರಿಗೆ: ಮಗುವಿನ ಕೈಗೆ ಸ್ಟಿಕ್ಕನ್ನು ಕ್ರಿಕೆಟ್ ಬ್ಯಾಟ್‌ನಂತೆ ಹಿಡಿಸಬೇಡಿ. ಬಲಗೈ ಬ್ಯಾಟರ್‌ಗೆ ಬಲಗೈ ಕೆಳಗೆ. ಇಲ್ಲಿ ಚುರುಕು ಕೈ ಮೇಲೆ ಇದ್ದರೆ ಪಕ್ ಆಡಿಸುವುದು ಸುಲಭ ಎಂದು ಬಹಳ ಬಲಗೈ ಮಕ್ಕಳು ಎಡಗೈ ಕೆಳಗಿಟ್ಟೇ ಆಡುತ್ತಾರೆ. ನಿಮ್ಮ ಮಗ ಮೂರು ವರ್ಷ ಆಡಿದ್ದಾನೆ, ಈಗ ಬದಲಿಸಬೇಡಿ.

ಹಳೆಯ ಸಾಮಾನು ಕೊಳ್ಳಬಹುದು: ಶಿನ್ ಪ್ಯಾಡ್, ಎಲ್ಬೋ ಪ್ಯಾಡ್, ಪ್ಯಾಂಟ್. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಅದರ ಮೇಲೂ ಮುಖದ ಜಾಲರಿಯ ಮೇಲೂ ಸಿಎಸ್ಎ (ಕೆನಡಾದ ಸುರಕ್ಷತಾ ಮಾನದಂಡ) ಸ್ಟಿಕ್ಕರ್ ಇರಬೇಕು. ಕೊರಳ ಪಟ್ಟಿ ಬಿಎನ್‌ಕ್ಯೂ (ಕ್ವಿಬೆಕ್‌ನ ಮಾನದಂಡ ಸಂಸ್ಥೆ) ಪ್ರಮಾಣಿತದ್ದು, ಕಡ್ಡಾಯ. ಒದ್ದೆ ಸಾಮಾನನ್ನು ಬ್ಯಾಗ್‌ನಲ್ಲಿ ಬಿಡದೆ ಫ್ಯಾನ್ ಗಾಳಿಗೆ ಹರಡಿ, ಹೀಟರ್ ಹತ್ತಿರ ಬೇಡ. ಸ್ಕೇಟ್‌ನ ಅಂಟು ಬಿಡುತ್ತದೆ.

ಶಿವಮೊಗ್ಗ ಟು ಸ್ಕಾರ್ಬರೋ:
ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಹೌಸ್ ಲೀಗ್ ಶುಲ್ಕ ನೂರುಗಳಲ್ಲಿ ಮುಗಿದರೆ ರೆಪ್ ತಂಡದ್ದು ಸಾವಿರಗಳಲ್ಲಿ, ಟ್ರಿಪಲ್ ಎ ಆದರೆ ಹೋಟೆಲ್, ಪೆಟ್ರೋಲ್ ಎಲ್ಲ ಸೇರಿ 10,000 ಡಾಲರ್ ದಾಟುವುದು ಅಪರೂಪವಲ್ಲ. ಸಹಿ ಹಾಕುವ ಮುಂಚೆ ಮ್ಯಾನೇಜರ್ ಹತ್ತಿರ ಬರಹದಲ್ಲಿ ಬಜೆಟ್ ಕೇಳಿ. ಕೊಡಲು ಹಿಂದೇಟು ಹಾಕಿದರೆ ಆ ತಂಡ ಬೇಡ. ಬಜೆಟ್‌ನಲ್ಲಿ ಐಸ್ ಬಾಡಿಗೆ ಎಷ್ಟು, ಕೋಚ್ ಸಂಬಳ ಎಷ್ಟು, ಟೂರ್ನಮೆಂಟ್ ಎಷ್ಟು ಮತ್ತು ಎಲ್ಲಿ, ಜೆರ್ಸಿ-ಬ್ಯಾಗ್-ಟ್ರ್ಯಾಕ್‌ಸೂಟ್ ಕಡ್ಡಾಯವೇ, ಕಂತು ಯಾವಾಗ, ಮಧ್ಯದಲ್ಲಿ ಪೆಟ್ಟಾಗಿ ನಿಂತರೆ ಎಷ್ಟು ವಾಪಸ್ ಬರುತ್ತದೆ ಎಂದು ನೋಡಿ. ಒಮ್ಮೆ ಸಹಿಯಾದರೆ ಬಿಡುಗಡೆ ಸಿಗದೆ ಬೇರೆ ತಂಡಕ್ಕೆ ಹೋಗಲಾಗದು, ಹಾಗಾಗಿ ಬಿಡುಗಡೆಯ ನಿಯಮವನ್ನೂ ಓದಿ.

ಕೋಚ್‌ಗೆ ಕೇಳಬೇಕಾದ್ದು: ವಾರಕ್ಕೆ ಎಷ್ಟು ಪ್ರಾಕ್ಟೀಸ್, ಎಷ್ಟು ಪಂದ್ಯ? ಪಂದ್ಯಕ್ಕಿಂತ ಪ್ರಾಕ್ಟೀಸ್ ಹೆಚ್ಚಿದ್ದರೆ ಒಳ್ಳೆಯ ಲಕ್ಷಣ. ಕೊನೆಯ ಐದು ನಿಮಿಷದಲ್ಲಿ ಒಂದು ಗೋಲು ಹಿಂದಿದ್ದಾಗ ಎಲ್ಲರನ್ನೂ ಆಡಿಸುತ್ತೀರಾ, ನಾಲ್ಕೈದು ಜನರನ್ನೇ ಆಡಿಸುತ್ತೀರಾ? ಎರಡನೆಯ ಉತ್ತರವನ್ನು ಪ್ರಾಮಾಣಿಕವಾಗಿ ಕೊಟ್ಟರೂ ಗೌರವಿಸಿ, ಆದರೆ ಹತ್ತು ವರ್ಷದ ಮಗುವನ್ನು ಅಲ್ಲಿಗೆ ಕಳಿಸಬೇಡಿ.

ಹಣ ಸಾಲದಿದ್ದರೆ ಕಿಡ್‌ಸ್ಪೋರ್ಟ್ ಮತ್ತು ಕೆನೇಡಿಯನ್ ಟೈರ್‌ನವರ ಜಂಪ್‌ಸ್ಟಾರ್ಟ್‌ಗೆ ಅರ್ಜಿ ಹಾಕಿ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮಕ್ಕಳ ಫಿಟ್‌ನೆಸ್‌ಗೆ ಇದ್ದ ಫೆಡರಲ್ ತೆರಿಗೆ ರಿಯಾಯಿತಿ 2017ರಿಂದ ಇಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನೋಂದಣಿಗೆ ಮುಂಚೆ ಪಾಲಕರಲ್ಲಿ ಒಬ್ಬರು 'ರೆಸ್ಪೆಕ್ಟ್ ಇನ್ ಸ್ಪೋರ್ಟ್' ಆನ್‌ಲೈನ್ ತರಬೇತಿ ಮುಗಿಸಿರಬೇಕು. ಕೋಚ್ ಮೇಲೆ ಸಿಟ್ಟು ಬಂದರೆ ಪಂದ್ಯ ಮುಗಿದು 24 ಗಂಟೆ ಕಳೆಯುವವರೆಗೆ ಮಾತೂ ಬೇಡ, ಮೆಸೇಜೂ ಬೇಡ. ಹೆಚ್ಚಿನ ತಂಡಗಳಲ್ಲಿ ಇದೇ ನಿಯಮ.

ಕಾವೇರಿತೀರ:
ಮೂವರಿಗೂ ತುಂಬಾ ಥ್ಯಾಂಕ್ಸ್. ಈಗಿರುವ ಸ್ಕೇಟ್‌ನಲ್ಲಿ ಬೆರಳು ಇಟ್ಟು ನೋಡಿದೆ, ಎರಡು ಹಿಡಿಸಿತು. ಇನ್ನೆರಡು ಪ್ರಶ್ನೆ. ಮೈಗೆ ಮೈ ಹೊಡೆಯುವ ಆಟ ಯಾವಾಗ ಶುರು? ತಲೆಗೆ ಪೆಟ್ಟು ಬಿದ್ದರೆ ಏನು ಮಾಡುತ್ತಾರೆ? ನಾವು ಸಸ್ಯಾಹಾರಿಗಳು, ಪಂದ್ಯದ ದಿನ ಊಟ ಹೇಗೆ ಎಂದೂ ಹೇಳಿ.

ನೀಲಿಗೆರೆ:
ಯು13 (13ರೊಳಗಿನವರ ಗುಂಪು) ಸೇರಿ ಅಲ್ಲಿಯವರೆಗೆ ಬಾಡಿ ಚೆಕಿಂಗ್, ಅಂದರೆ ನೀವು ಕೇಳಿದ ಮೈಗೆ ಮೈ ಹೊಡೆಯುವುದು, ಇಲ್ಲ. ಮೊದಲು 11-12ರ ಮಕ್ಕಳಿಗೂ ಇತ್ತು, ಹಾಕಿ ಕೆನಡಾ 2013ರಲ್ಲಿ ತೆಗೆಯಿತು. ಒಂಟಾರಿಯೊದ ಹೌಸ್ ಲೀಗ್‌ನಲ್ಲಿ ಯಾವ ವಯಸ್ಸಿಗೂ ಇಲ್ಲ. ಆದರೂ ಬೋರ್ಡ್ ಹತ್ತಿರ ಡಿಕ್ಕಿಯಾಗುವುದು ಇದ್ದೇ ಇದೆ. ಬೋರ್ಡ್‌ಗೆ ಮುಖ ಮಾಡಿ ಮೂರ್ನಾಲ್ಕು ಅಡಿ ದೂರ ನಿಲ್ಲುವುದೇ ಅತಿ ಅಪಾಯದ ಜಾಗ. ಒಂದೋ ಬೋರ್ಡ್‌ಗೆ ಅಂಟಿಕೊಂಡಿರಬೇಕು, ಇಲ್ಲವೇ ಪೂರ್ತಿ ದೂರವಿರಬೇಕು. ಇದನ್ನು ಈಗಲೇ ಕಲಿಸಿ.

ಶಿವಮೊಗ್ಗ ಟು ಸ್ಕಾರ್ಬರೋ:
ತಲೆ ಪೆಟ್ಟಿಗೆ ಒಂಟಾರಿಯೊದಲ್ಲಿ ಕಾನೂನೇ ಇದೆ. 2013ರಲ್ಲಿ ರಗ್ಬಿ ಆಡುವಾಗ ತಲೆಗೆ ಬಿದ್ದ ಪೆಟ್ಟುಗಳಿಂದ ತೀರಿಕೊಂಡ 17 ವರ್ಷದ ರೋವನ್ ಸ್ಟ್ರಿಂಗರ್ ಹೆಸರಿನಲ್ಲಿ 2018ರಲ್ಲಿ 'ರೋವನ್ಸ್ ಲಾ' ಬಂತು. ಅನುಮಾನ ಬಂದರೂ ಸಾಕು, ಆ ಕ್ಷಣವೇ ಆಟದಿಂದ ಹೊರಗೆ. ವೈದ್ಯರ ಅಥವಾ ನರ್ಸ್ ಪ್ರ್ಯಾಕ್ಟಿಷನರ್ ಒಪ್ಪಿಗೆ ಇಲ್ಲದೆ ಪೂರ್ಣ ಪ್ರಾಕ್ಟೀಸ್‌ಗೂ ಪಂದ್ಯಕ್ಕೂ ಮರಳುವಂತಿಲ್ಲ. ಬೆಂಚ್ ಮೇಲೆ ತರಬೇತಿ ಪಡೆದ ಟ್ರೇನರ್ ಇರುತ್ತಾರೆ, ಅವರು ತೆಗೆದರೆ 'ಫೈನಲ್ ಇದೆ, ಆಡಿಸಿ' ಎಂದು ವಾದಿಸಬೇಡಿ. ತಲೆನೋವು, ವಾಂತಿ, ಬೆಳಕು ಸಹಿಸದಿರುವುದು, ಸುಮ್ಮಸುಮ್ಮನೆ ಅಳುವುದು ಮಾರನೆಯ ದಿನವೂ ಕಾಣಿಸಬಹುದು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಾ ಹೋದರೆ ನೇರ ಎಮರ್ಜೆನ್ಸಿಗೆ.

ಹಿಮದ ಹಕ್ಕಿ:
ಪಂದ್ಯಕ್ಕೆ ಮೂರು ಗಂಟೆ ಮುಂಚೆ ಹೊಟ್ಟೆತುಂಬ: ಇಡ್ಲಿ, ಅವಲಕ್ಕಿ, ಇಲ್ಲವೇ ಚಪಾತಿ-ಪಲ್ಯ. ಪೂರಿ, ಬೋಂಡಾ ಬೇಡ, ಐಸ್ ಮೇಲೆ ಹೊಟ್ಟೆ ಭಾರವಾಗುತ್ತದೆ. 45 ನಿಮಿಷ ಮುಂಚೆ ಒಂದು ಬಾಳೆಹಣ್ಣು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಹಾಗಾಗಿ ಪ್ರತಿ ಶಿಫ್ಟ್ ಆದಮೇಲೆ ಎರಡು ಗುಟುಕು ನೀರು ಎಂದು ಅಭ್ಯಾಸ ಮಾಡಿಸಿ. ಮುಗಿದ ಮೇಲೆ ಅರ್ಧ ಗಂಟೆಯೊಳಗೆ ಹಾಲು ಅಥವಾ ಮೊಸರನ್ನ. ಟೂರ್ನಮೆಂಟ್‌ಗೆ ಹೋದಾಗ ಒಂದೇ ದಿನ ಎರಡು ಪಂದ್ಯ ಬರುತ್ತವೆ, ಆಗ ಮೊಸರನ್ನದ ಡಬ್ಬಿ ಕಾರಿನ ಕೂಲರ್‌ನಲ್ಲಿ ಇರಲಿ. ಅರೀನಾದಲ್ಲಿ ಸಿಗುವುದು ಹೆಚ್ಚಾಗಿ ಫ್ರೈಸ್ ಮತ್ತು ಪಿಜ್ಜಾ.

ಎರಡು ಬೆರಳು ಹಿಡಿಸಿತು ಎಂದಿರಲ್ಲ, ಈ ವಾರವೇ ಅಂಗಡಿಗೆ ಹೋಗಿ. ಸಂಜೆ ಹೊತ್ತಿಗೆ ಹೋಗಿ, ಪಾದ ಆಗ ತುಸು ಊದಿರುತ್ತದೆ. ಎರಡೂ ಪಾದ ಅಳೆಸಿ, ದೊಡ್ಡ ಪಾದಕ್ಕೆ ಸರಿಹೊಂದುವುದನ್ನು ಕೊಳ್ಳಿ.