ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್: ತೊಂದರೆ ಕೀಯಲ್ಲಾ, ಕಾರಿನಲ್ಲಾ?

ತೀರ್ಥಹಳ್ಳಿ ಹುಡುಗ
ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಗಾಡಿ. ಈಚೆಗೆ ಎಂಜಿನ್ ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆಲ್ಲ ಆಫ್ ಆಗುತ್ತಿದೆ. ಮೀಟರಿನಲ್ಲಿ ಕೀ ಚಿತ್ರದ ಲೈಟ್ ಪಟಪಟ ಮಿನುಗುತ್ತದೆ. ಕೀ ತೆಗೆದು ಮತ್ತೆ ಹಾಕಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಇಲ್ಲ. ಹಳೇ ಕೀಯ ಬಟನ್ ಕಿತ್ತು ಬಂದಿತ್ತು ಅಂತ ಹೊಸ ಶೆಲ್ (ಕೀಯ ಹೊರಗಿನ ಪ್ಲಾಸ್ಟಿಕ್ ಕವಚ) ಹಾಕಿಸಿದ್ದೆ, ಆಗಲೇ ರಿಮೋಟಿನ ಸೆಲ್ಲೂ ಬದಲಾಯಿತು. ಸರ್ವಿಸ್ ಸೆಂಟರಿನವರು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ, 30,000ಕ್ಕೂ ಮೇಲಾಗುತ್ತದೆ ಅಂತಾರೆ. ಅಪ್ಪನನ್ನು ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವ ಗಾಡಿ ಇದು. ದಾರಿಯಲ್ಲಿ ಕೈಕೊಟ್ಟರೆ ತುಂಬಾ ಕಷ್ಟ. ಗೊತ್ತಿರುವವರು ಹೇಳಿ.

ಕರಾವಳಿ ಡ್ರೈವರ್
ಸೆಲ್ ಬದಲಿಸಿದ್ದೀರಲ್ವಾ, ಅಲ್ಲೇ ರಿಮೋಟಿನ ಸಿಂಕ್ (ಕಾರಿನ ಜತೆಗಿನ ಹೊಂದಾಣಿಕೆ) ತಪ್ಪಿದೆ. ಕಾರಿನ ಹತ್ತಿರ ನಿಂತು ಲಾಕ್ ಬಟನ್ ಒತ್ತಿ, ಆಮೇಲೆ ಇಗ್ನಿಷನ್ ಆನ್ ಮಾಡಿ ಇನ್ನೊಮ್ಮೆ ಒತ್ತಿ. ಸರಿಹೋಗುತ್ತದೆ. ರಿಮೋಟ್ ಕೆಲಸ ಮಾಡುತ್ತಾ ಅಂತ ನೋಡೋದಕ್ಕೆ ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಒತ್ತಿ, ಲೈಟ್ ಕಾಣಬೇಕು.

ಹಾಸನದ ಎಲೆಕ್ಟ್ರಿಷಿಯನ್
ಅಣ್ಣ, ಕ್ಯಾಮೆರಾದಲ್ಲಿ ಕಾಣೋದು ಟಿವಿ ರಿಮೋಟಿನ ಬೆಳಕು. ಈ ಕಾರುಗಳ ರಿಮೋಟ್ ರೇಡಿಯೋ, ಹೆಚ್ಚಾಗಿ 433 ಮೆಗಾಹರ್ಟ್ಸ್. ಕ್ಯಾಮೆರಾಗೆ ಏನೂ ಕಾಣಲ್ಲ. ಪಾಪ ಅವರು ಚೆನ್ನಾಗಿರೋ ರಿಮೋಟನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಒಂದೇ ಕೀಯೊಳಗೆ ಎರಡು ಬೇರೆ ಬೇರೆ ವಸ್ತು ಇರುತ್ತವೆ. ಬಾಗಿಲು ತೆಗೆಯುವ ರಿಮೋಟಿಗೆ 3 ವೋಲ್ಟಿನ ಸೆಲ್ ಬೇಕು. ಎಂಜಿನ್‌ಗೆ ಒಪ್ಪಿಗೆ ಕೊಡುವ ಇಮ್ಮೊಬಿಲೈಸರ್ ಚಿಪ್ಪಿಗೆ ಸೆಲ್ಲೇ ಬೇಡ. ಇಗ್ನಿಷನ್ ಲಾಕಿನ ಸುತ್ತ ಒಂದು ತಾಮ್ರದ ಕಾಯಿಲ್ ಇರುತ್ತದೆ. ಕೀ ತಿರುಗಿಸಿದಾಗ ಅದು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿಗೆ ಕರೆಂಟ್ ಕೊಟ್ಟು ಉತ್ತರ ಕೇಳುತ್ತದೆ. ಉತ್ತರ ಬರಲಿಲ್ಲ ಅಂದರೆ ಕೆಲವು ಗಾಡಿ ಕ್ರ್ಯಾಂಕೇ ಆಗಲ್ಲ (ಎಂಜಿನ್ ತಿರುಗೋದೇ ಇಲ್ಲ), ಕೆಲವು ಹೀಗೆ ಸ್ಟಾರ್ಟ್ ಆಗಿ ಪೆಟ್ರೋಲ್ ಕಟ್ ಮಾಡುತ್ತವೆ. ಸೆಲ್ ಪೂರ್ತಿ ಸತ್ತರೂ ಕೀ ತಿರುಗಿಸುವ ಗಾಡಿ ಸ್ಟಾರ್ಟ್ ಆಗಲೇಬೇಕು. ಹಾಗಾಗಿ ಸಿಂಕ್ ಮಾತು ಇಲ್ಲಿಗೆ ಬರಲ್ಲ.

ಕರಾವಳಿ ಡ್ರೈವರ್
ಹಾಗಾದರೆ ಸಿಂಕ್ ತಪ್ಪೋದು ಅಂತ ಇಲ್ಲವೇ ಇಲ್ಲವಾ? ನಮ್ಮ ಮನೆ ಮಕ್ಕಳು ಕೀ ಹಿಡಿದು ಬಟನ್ ಒತ್ತಿ ಒತ್ತಿ ಆಡಿದ ಮೇಲೆ ಕಾರು ತೆಗೆಯಲೇ ಇಲ್ಲ. ಇದು ನಾನೇ ನೋಡಿದ್ದು.

ಹಾಸನದ ಎಲೆಕ್ಟ್ರಿಷಿಯನ್
ಇದೆ ಅಣ್ಣ, ಆದರೆ ಅದು ಬಾಗಿಲಿಗೆ ಮಾತ್ರ. ಪ್ರತಿ ಸಲ ಒತ್ತಿದಾಗ ರಿಮೋಟಿನ ಕೋಡ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾರಿಗೆ ಕೇಳದಷ್ಟು ದೂರದಲ್ಲಿ ಒತ್ತಿದರೆ ಕಾರು ಹಿಂದೆ ಉಳಿಯುತ್ತದೆ. ತುಂಬ ವರ್ಷದಿಂದ ಬಳಕೆಯಲ್ಲಿರುವ ಕೀಲಾಕ್ (KeeLoq) ಅನ್ನೋ ರಿಮೋಟ್ ಕೋಡ್ ಪದ್ಧತಿಯಲ್ಲಿ 16 ಹೆಜ್ಜೆಯೊಳಗೆ ಇದ್ದರೆ ತಾನಾಗೇ ತೆಗೆಯುತ್ತದೆ. ಅದಕ್ಕಿಂತ ಜಾಸ್ತಿ ಆಗಿದ್ದರೆ ಹತ್ತಿರ ನಿಂತು ಸಾಲಾಗಿ ಎರಡು ಸಲ ಒತ್ತಬೇಕು. ನಿಮ್ಮ ಮನೆಯಲ್ಲಿ ಆಗಿದ್ದು ಅದೇ ಇರಬೇಕು.

ಹುಬ್ಬಳ್ಳಿ ಗಿರೀಶ
ನೋಡ್ರಿ, ಇಷ್ಟೆಲ್ಲ ಯಾಕೆ? ಇಮ್ಮೊಬಿಲೈಸರ್ ಬೈಪಾಸ್ ಮಾಡಿಸಿಬಿಡಿ. ನನ್ನ ಗೆಳೆಯನ ಟ್ಯಾಕ್ಸಿಗೆ ಹಾಗೇ ಮಾಡಿಸಿದ್ದು, ಚಿಪ್ಪನ್ನು ಸ್ಟೀರಿಂಗ್ ಕೆಳಗಿನ ಕಾಯಿಲಿಗೇ ಅಂಟಿಸಿಬಿಟ್ಟರು. ಅವತ್ತಿನಿಂದ ಒಂದು ದಿನವೂ ನಿಂತಿಲ್ಲ. ಡಯಾಲಿಸಿಸ್‌ಗೆ ಹೋಗುವ ಗಾಡಿ ಅಂದಮೇಲೆ ನಂಬಿಕೆ ಮುಖ್ಯ ಅಲ್ಲೇನು?

ಲತಾ, ಮೈಸೂರು
ಗಿರೀಶ್ ಅವರೇ, ಹಾಗೆ ಅಂಟಿಸಿದರೆ ಬರೀ ಕಬ್ಬಿಣದ ಕೀ ಕತ್ತರಿಸಿಕೊಂಡು ಬಂದ ಯಾರು ಬೇಕಾದರೂ ಗಾಡಿ ಓಡಿಸಿಕೊಂಡು ಹೋಗಬಹುದು. ಅಮೆರಿಕದಲ್ಲಿ ಇಮ್ಮೊಬಿಲೈಸರ್ ಇಲ್ಲದ ಕೆಲವು ಕಿಯಾ, ಹ್ಯುಂಡೈ ಮಾದರಿಗಳನ್ನು ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಇಗ್ನಿಷನ್ ತಿರುಗಿಸಿ ಕದ್ದರು. ಆ ವಿಡಿಯೋಗಳು 2022ರಲ್ಲಿ ಎಲ್ಲ ಕಡೆ ಹರಿದಾಡಿದವು. ಯುರೋಪಿನಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಇದು ಕಡ್ಡಾಯ. ಸುಮ್ನೆ ಇಟ್ಟ ವಸ್ತು ಅಲ್ಲ.

ಇನ್ಶೂರೆನ್ಸ್ ವಿಷಯವೂ ಇದೆ. ಗಾಡಿ ಕಳುವಾದರೆ ಕಂಪನಿಯವರು ಮೊದಲು ಕೇಳೋದೇ ಎರಡೂ ಒರಿಜಿನಲ್ ಕೀ. ಒಂದರಲ್ಲಿ ಚಿಪ್ಪೇ ಇಲ್ಲ ಅಂದರೆ ಏನು ಉತ್ತರ ಕೊಡ್ತೀರಿ?

ತೀರ್ಥಹಳ್ಳಿಯವರೇ, ನಿಮ್ಮ ಹತ್ತಿರ ಎರಡನೇ ಕೀ ಇದೆಯಾ? ಅದರಲ್ಲಿ ಸ್ಟಾರ್ಟ್ ಮಾಡಿ ನೋಡಿದಿರಾ?

ತೀರ್ಥಹಳ್ಳಿ ಹುಡುಗ
ಇದೆ ಮೇಡಂ, ಬೀರುವಿನಲ್ಲಿ. ಅದಕ್ಕೆ ರಿಮೋಟ್ ಇಲ್ಲ, ಸಾದಾ ಕೀ. ಇದುವರೆಗೂ ತೆಗೆದು ನೋಡಿಲ್ಲ. ಸರ್ವಿಸ್ ಸೆಂಟರಿನಲ್ಲೂ ಯಾರೂ ಕೇಳಲಿಲ್ಲ.

ಹಾಸನದ ಎಲೆಕ್ಟ್ರಿಷಿಯನ್
ಎರಡನೇ ಕೀ ಹಾಕಿ ನೋಡದೇ ಇಸಿಯು ಹೋಗಿದೆ ಅಂತ ಹೇಗೆ ಹೇಳಿದರು? ನನಗೆ ನಿಜಕ್ಕೂ ಕೋಪ ಬರುತ್ತದೆ. ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು.

ಹೀಗೆ ಮಾಡಿ. ರಿಮೋಟ್ ಕೀಯನ್ನು ಮನೆಯಲ್ಲೇ ಬಿಡಿ. ಎರಡೂ ಒಂದೇ ಗೊಂಚಲಿನಲ್ಲಿದ್ದರೆ ಎರಡು ಚಿಪ್ಪೂ ಒಟ್ಟಿಗೆ ಉತ್ತರ ಕೊಟ್ಟು ಕಾರಿಗೆ ಗೊಂದಲ ಆಗಬಹುದು. ಬರೀ ಎರಡನೇ ಕೀಯಲ್ಲಿ ದಿನಪೂರ್ತಿ ಓಡಿಸಿ. ಅದರಲ್ಲಿ ಪ್ರತಿ ಸಲ ಸ್ಟಾರ್ಟ್ ಆದರೆ ಕಾರಿನಲ್ಲಿ ಏನೂ ಇಲ್ಲ, ಮೊದಲ ಕೀಯಲ್ಲೇ ತೊಂದರೆ. ಅದರಲ್ಲೂ ಹೀಗೇ ಆದರೆ ಕಾಯಿಲ್, ಅದರ ಸಾಕೆಟ್, ಆಮೇಲೆ ಕಾರಿನ ದೊಡ್ಡ ಬ್ಯಾಟರಿ ನೋಡಿಸಿ. ಕ್ರ್ಯಾಂಕ್ ಮಾಡುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲು ಅದನ್ನೇ ನೋಡಬೇಕು. ಇಸಿಯು ಕೊನೆಯಲ್ಲಿ.

ಇನ್ನೊಂದು. ಹೊರಗಡೆ ಅಂಗಡಿಯಲ್ಲಿ ಸೆಂಟ್ರಲ್ ಲಾಕ್, ಸೈರನ್ ಹಾಕಿಸಿದ್ದೀರಾ? ಅದರ ರಿಲೇ ಕೂಡ ಎಂಜಿನ್ ಕಟ್ ಮಾಡುತ್ತದೆ. ಆದರೆ ಆಗ ಮೀಟರಿನ ಕೀ ಲೈಟ್ ಸಾಮಾನ್ಯವಾಗಿ ಹೀಗೆ ಮಿನುಗಲ್ಲ.

ಹುಬ್ಬಳ್ಳಿ ಗಿರೀಶ
ಬ್ಯಾಟರಿ ಟರ್ಮಿನಲ್ ಬಿಚ್ಚಿ ಅರ್ಧ ಗಂಟೆ ಬಿಟ್ಟರೆ ರಿಸೆಟ್ ಆಗುತ್ತದೆ ಅಂತಾರಲ್ಲ, ಅದನ್ನಾದರೂ ಮಾಡಬಹುದು.

ಹಾಸನದ ಎಲೆಕ್ಟ್ರಿಷಿಯನ್
ಕೀಗಳ ನೆನಪು ಅದರಿಂದ ಅಳಿಸಲ್ಲ, ಸರಿಯೂ ಆಗಲ್ಲ. ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿ ಇರುತ್ತದೆ. ಗಡಿಯಾರ, ರೇಡಿಯೋ ಸ್ಟೇಷನ್ ಹೋಗಬಹುದು ಅಷ್ಟೆ.

ತೀರ್ಥಹಳ್ಳಿ ಹುಡುಗ
ಎರಡನೇ ಕೀಯಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದೆವು. ಒಂದು ಸಲವೂ ಆಫ್ ಆಗಲಿಲ್ಲ. ಕೀ ಲೈಟ್ ಒಮ್ಮೆ ಹತ್ತಿ ಆರಿಹೋಗುತ್ತದೆ. ರಿಮೋಟ್ ಕೀ ಹಾಕಿದರೆ ಮತ್ತೆ ಅದೇ ಕಥೆ. ಸೈರನ್ ಏನೂ ಹಾಕಿಸಿಲ್ಲ.

ಲತಾ, ಮೈಸೂರು
ಶೆಲ್ ಬದಲಿಸಿದೆ ಅಂದಿದ್ದಿರಲ್ಲ, ಅದನ್ನು ಬಿಚ್ಚಿ ನೋಡಿ. ಎಷ್ಟೋ ಕೀಗಳಲ್ಲಿ ಚಿಪ್ ರಿಮೋಟ್ ಬೋರ್ಡಿನ ಮೇಲೆ ಇರಲ್ಲ. ಕಪ್ಪು ಬಣ್ಣದ ಪುಟ್ಟ ತುಂಡು, 12 ಮಿಲಿಮೀಟರ್ ಉದ್ದ ಇರಬಹುದು. ಮೇಲೆ ಬಟನ್, ವೈರು ಏನೂ ಇಲ್ಲ. ನೋಡಿದರೆ ಪ್ಲಾಸ್ಟಿಕ್ ಚೂರು ಅನ್ನಿಸುತ್ತದೆ. ಶೆಲ್ ಹಾಕುವವರು ಬೋರ್ಡ್ ಮಾತ್ರ ತೆಗೆದು ಅದನ್ನು ಹಳೇ ಶೆಲ್ಲಿನಲ್ಲೇ ಬಿಟ್ಟುಬಿಡೋದೂ ಉಂಟು. ನಿಮ್ಮದು ಆಗಾಗ ಸ್ಟಾರ್ಟ್ ಆಗುತ್ತದೆ, ಅಂದರೆ ಚಿಪ್ ಒಳಗಿದೆ, ಆದರೆ ಜಾಗದಲ್ಲಿಲ್ಲ.

ತೀರ್ಥಹಳ್ಳಿ ಹುಡುಗ
ಮೇಡಂ, ನೀವು ಹೇಳಿದ ಹಾಗೇ ಇದೆ! ಕೀ ಅಲ್ಲಾಡಿಸಿದರೆ ಟಕಟಕ ಶಬ್ದ ಬರುತ್ತಿತ್ತು, ಬಟನ್ ಸಡಿಲ ಅಂದುಕೊಂಡಿದ್ದೆ. ಬಿಚ್ಚಿದಾಗ ಕಪ್ಪು ತುಂಡು ಹಿಂಬದಿಯಲ್ಲಿ, ಉಂಗುರ ಹಾಕುವ ಕಡೆ ಬಿದ್ದಿತ್ತು. ಕೀ ಅಲಗಿನ ಪಕ್ಕದಲ್ಲಿ ಅದೇ ಅಳತೆಯ ಖಾಲಿ ಗೂಡಿದೆ. ಅಲ್ಲಿ ಇಟ್ಟರೆ ಸ್ವಲ್ಪ ಆಡುತ್ತದೆ, ಹೊಸ ಶೆಲ್ಲಿನ ಗೂಡು ದೊಡ್ಡದು. ಫೆವಿಕ್ವಿಕ್ ಹಾಕಲಾ?

ಹಾಸನದ ಎಲೆಕ್ಟ್ರಿಷಿಯನ್
ಬೇಡ, ನಾಳೆ ತೆಗೆಯಬೇಕಾದರೆ ಚಿಪ್ ಒಡೆಯುತ್ತದೆ. ಡಬಲ್ ಸೈಡ್ ಫೋಮ್ ಟೇಪಿನ ಒಂದು ಚೂರು ಸಾಕು. ಕಾಯಿಲಿಗೂ ಚಿಪ್ಪಿಗೂ ನಡುವೆ ಕೆಲವೇ ಸೆಂಟಿಮೀಟರ್ ಅಂತರ ಇರಬೇಕು. ಹಿಂದಕ್ಕೆ ಜಾರಿದಾಗ ಕಾರಿಗೆ ಸಿಗುತ್ತಿರಲಿಲ್ಲ. ನೀವು ಕೀ ತೆಗೆದು ಹಾಕಿದಾಗ ಮುಂದೆ ಜಾರಿ ಸಿಗುತ್ತಿತ್ತು.

ಹುಬ್ಬಳ್ಳಿ ಗಿರೀಶ
ಒಳ್ಳೇದಾಯಿತು ಬಿಡ್ರಿ. ಆದರೆ ಟ್ಯಾಕ್ಸಿ ಓಡಿಸುವವರ ಕಷ್ಟ ಬೇರೆ, ನಡುರಾತ್ರಿ ಪ್ಯಾಸೆಂಜರ್ ಕೂರಿಸಿಕೊಂಡು ನಿಂತರೆ ಯಾರು ಬರ್ತಾರೆ? ಬೈಪಾಸ್ ತಪ್ಪು ಅಂತ ನಾನು ಈಗಲೂ ಒಪ್ಪಲ್ಲ.

ಲತಾ, ಮೈಸೂರು
ಆ ಟ್ಯಾಕ್ಸಿಯವರ ಪರ್ಸಿನಲ್ಲಿ ಚಿಪ್ ಇರುವ ಇನ್ನೊಂದು ಸಾದಾ ಕೀ ಇದ್ದಿದ್ದರೆ ಸಾಕಿತ್ತು, ಗಿರೀಶ್ ಅವರೇ. ನನ್ನದೂ ಒಂದು ಪ್ರಶ್ನೆ ಇದೆ. ತಂಗಿ ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದಾಳೆ, ಮಾರುವವರ ಹತ್ತಿರ ಒಂದೇ ಕೀ ಇದೆ. ತಗೋಬಹುದಾ?

ಹಾಸನದ ಎಲೆಕ್ಟ್ರಿಷಿಯನ್
ತಗೋಬಹುದು ಮೇಡಂ, ಆದರೆ ಎರಡನೇ ಕೀಯ ಖರ್ಚು ಬೆಲೆಯಲ್ಲಿ ಕಳೆಯಲು ಹೇಳಿ. ಒಂದು ಕೀ ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ಮಾಡಿಸಬೇಕು. ಇರೋ ಒಂದೂ ಕಳೆದುಹೋದ ಮೇಲೆ ಹೋದರೆ ಕೆಲಸವೂ ಜಾಸ್ತಿ, ದುಡ್ಡೂ ಜಾಸ್ತಿ. ಪ್ರೋಗ್ರಾಂ ಮಾಡಿಸುವಾಗ ಇರುವ ಕೀ ಜತೆಯಲ್ಲಿರಲಿ. ಕೆಲವು ಗಾಡಿಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯವೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ಹಾಗೆ ಬರೆಸಿದರೆ ಹಿಂದಿನ ಮಾಲೀಕರ ಹತ್ತಿರ ಉಳಿದ ಕೀಯಲ್ಲಿ ಎಂಜಿನ್ ಸ್ಟಾರ್ಟ್ ಆಗಲ್ಲ. ಬಾಗಿಲು ಮಾತ್ರ ತೆಗೆಯಬಹುದು, ಅದು ಬೇಡ ಅಂದರೆ ಲಾಕೇ ಬದಲಿಸಬೇಕು. ಕೀ ನಂಬರ್ ಇರುವ ಪುಟ್ಟ ಟ್ಯಾಗ್ ಕೊಟ್ಟಿದ್ದಾರಾ ಅಂತಲೂ ಕೇಳಿ.